ಲಿನಕ್ಸ್ ಗಣಕಕ್ಕೆ ಜೀನಿ ಎಡಿಟರ್ ಹಾಕುವ ಕ್ರಮ

ತಿತಿಮತಿಯ ಯುವಕ ಯುವತಿಯರೇ,

ನಿಮ್ಮ ಮನೆಯ ಹಳೆಯ ಗಣಕದಲ್ಲಿ ಉಬುಂಟು ಅಥವಾ ಡೆಬಿಯನ್ ಲಿನಕ್ಸ್ ಇದ್ದರೆ, ಪ್ರೋಗ್ರಾಂ ಬರೆಯಲು ಜೀನಿ ಎಂಬ ಎಡಿಟರ್ ಸಾಕು. 2005ರಲ್ಲಿ ಹೊರಬಂದ ಇದಕ್ಕೆ ಬೆಲೆಯಿಲ್ಲ. ಕಡಿಮೆ ಮೆಮರಿಯಲ್ಲೂ ನಡೆಯುತ್ತದೆ. ವಿಎಸ್ ಕೋಡ್‌ಗೆ ಹೆಸರು ಹೆಚ್ಚು, ಆದರೆ ಹಳೆಯ ಯಂತ್ರಕ್ಕೆ ಅದು ಭಾರವೇ ಸರಿ.

ಕಂಡ ಕಂಡಲ್ಲಿಂದ ಫೈಲು ಇಳಿಸಿಕೊಳ್ಳಬೇಡಿರಿ. ಲಿನಕ್ಸಿಗೆ ತನ್ನದೇ ಉಗ್ರಾಣವುಂಟು. ಅಲ್ಲಿಯ ಸರಕಿನ ಮುದ್ರೆಯನ್ನು ಯಂತ್ರವೇ ಪರೀಕ್ಷಿಸುತ್ತದೆ. ಟರ್ಮಿನಲ್ ತೆರೆದು, ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಮೊದಲು ‘ಸುಡೋ ಆಪ್ಟ್ ಅಪ್‌ಡೇಟ್’ ಎಂದು ಬರೆದು ಎಂಟರ್ ಒತ್ತತಕ್ಕದ್ದು. ಅದು ಮುಗಿದ ಮೇಲೆ ‘ಸುಡೋ ಆಪ್ಟ್ ಇನ್‌ಸ್ಟಾಲ್ ಜೀನಿ’. ಜೀನಿಯ ಅಕ್ಷರಗಳು ಜಿ, ಇ, ಎ, ಎನ್, ವೈ. ಪಾಸ್‌ವರ್ಡ್ ಬರೆಯುವಾಗ ಏನೂ ಕಾಣಿಸದಿದ್ದರೆ ಗಾಬರಿ ಬೇಡ, ಬರೆದು ಮುಗಿಸಿರಿ.

ಕಕ್ಕಡದ ಮಳೆಯಲ್ಲಿ ನಡುವೆಯೇ ಕರೆಂಟು ಹೋಯಿತೆನ್ನಿ. ಕೆಲಸ ಅರ್ಧಕ್ಕೆ ನಿಂತು, ಮುಂದೆ ಯಾವ ತಂತ್ರಾಂಶವೂ ಸೇರದೆ ಹೋಗಬಹುದು. ಅಷ್ಟಕ್ಕೇ ಹಣ ತೆತ್ತು ಇಡೀ ಲಿನಕ್ಸನ್ನು ಮತ್ತೆ ಹಾಕಿಸಬೇಕಾಗಿಲ್ಲ. ‘ಸುಡೋ’ ಬರೆದು, ತೆರಪು ಬಿಟ್ಟು ಡಿ, ಪಿ, ಕೆ, ಜಿ. ಮತ್ತೆ ತೆರಪು, ಎರಡು ಅಡ್ಡಗೆರೆ ಕೂಡಿದ ‘ಕಾನ್ಫಿಗರ್’. ಇನ್ನೊಂದು ತೆರಪು, ಒಂದು ಅಡ್ಡಗೆರೆ ಕೂಡಿದ ‘ಎ’. ನಿಂತ ಕೆಲಸ ಸಾಮಾನ್ಯವಾಗಿ ಇದರಿಂದ ಪೂರ್ತಿಯಾಗುತ್ತದೆ. ಇದೇ ಆಜ್ಞೆಯನ್ನು ಆಪ್ಟ್ ತಾನೇ ಪರದೆಯ ಮೇಲೆ ತೋರಿಸುವುದುಂಟು; ಓದುವವರು ಕಡಿಮೆ. ಬಳಿಕ ಜೀನಿಯ ಆಜ್ಞೆಯನ್ನು ಇನ್ನೊಮ್ಮೆ ಕೊಡಿರಿ.