ಉದ್ಯೋಗದ ಅರ್ಜಿಯ ಜೊತೆಗೊಂದು ಪತ್ರ



ದ್ವಿತೀಯ ಪಿಯುಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಬರುವ ಉದ್ಯೋಗ ಅರ್ಜಿಯ ಪ್ರಶ್ನೆ ನಿಮಗೆಲ್ಲ ಗೊತ್ತು. ಹೆಸರಿನ ಜಾಗದಲ್ಲಿ ‘ಎಕ್ಸ್ ಎಕ್ಸ್ ಎಕ್ಸ್’, ವಿಳಾಸದ ಜಾಗದಲ್ಲಿ ‘ವೈ ವೈ ವೈ’ ಎಂದು ಬರೆಯುತ್ತೇವೆ. ಬರೆದವರು ಯಾರೆಂದು ಮೌಲ್ಯಮಾಪಕರಿಗೆ ತಿಳಿಯಬಾರದು. ನಿಜವಾದ ಅರ್ಜಿ ಇದಕ್ಕೆ ತದ್ವಿರುದ್ಧ. ಬರೆದವರು ಯಾರೆಂದು ಓದುವವರಿಗೆ ತಿಳಿಯಲೇಬೇಕು. ಆದರೂ ನಮ್ಮಲ್ಲಿ ಅನೇಕರು ಪರೀಕ್ಷೆಯ ಪತ್ರಕ್ಕೇ ತಮ್ಮ ಹೆಸರು ಹಾಕಿ ಕಳಿಸುತ್ತಾರೆ.

ವಾಣಿಜ್ಯ ವಿಭಾಗದಲ್ಲಿ ಓದಿ ಹೋದ ಹುಡುಗನೊಬ್ಬ ಒಮ್ಮೆ ಪತ್ರ ತೋರಿಸಲು ಬಂದ. ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಅರ್ಜಿ. ಮೂರನೇ ಸಾಲಿನಲ್ಲೇ ‘ನನಗೆ ಯಾವ ಅನುಭವವೂ ಇಲ್ಲ’ ಎಂದಿತ್ತು.

“ಸಂಜೆ ಹೊತ್ತು ಏನು ಮಾಡ್ತೀಯಪ್ಪಾ?” ಎಂದೆ.

“ಚಾಚಾ ದಿನಸಿ ಅಂಗಡೀಲಿ ಸಾಲದ ಪುಸ್ತಕ ಬರೀತೀನಿ ಸರ್. ಎರಡು ವರ್ಷ ಆಯ್ತು. ಅದೆಲ್ಲ ಅನುಭವ ಆಗುತ್ತಾ?”

ಖಂಡಿತ ಆಗುತ್ತದೆ. ಮನೆಯಲ್ಲಿ ರೇಷ್ಮೆ ನೂಲಿನ ಕೆಲಸ, ಹನೂರಿನ ಕಡೆ ಹೊಲದ ಫಸಲನ್ನು ಮಾರುಕಟ್ಟೆಗೆ ಸಾಗಿಸಿದ್ದು, ನೆರೆಮನೆಯ ಮಕ್ಕಳಿಗೆ ಪಾಠ ಹೇಳಿದ್ದು ಎಲ್ಲವೂ ಅನುಭವವೇ. ಸಂಬಳ ಬರಲಿಲ್ಲ ಎಂಬ ಕಾರಣಕ್ಕೆ ಅದನ್ನು ಬಿಡಬೇಡಿ. ಭಾಷೆಯೂ ಹಾಗೆಯೇ. ಕೊಳ್ಳೇಗಾಲ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇಲ್ಲಿನ ವ್ಯಾಪಾರದಲ್ಲಿ ಇಂದಿಗೂ ತಮಿಳು ಕೇಳಿಬರುತ್ತದೆ. ಕನ್ನಡ, ಉರ್ದು, ತಮಿಳು ಮೂರೂ ಬಲ್ಲವರು ಅದನ್ನು ತಪ್ಪದೆ ಬರೆಯಬೇಕು.

ಪತ್ರದಲ್ಲಿ ಇರಬೇಕಾದ ನಾಲ್ಕು ಅಂಶಗಳು

1. ಯಾವ ಹುದ್ದೆ, ಅದರ ವಿಷಯ ಎಲ್ಲಿ ತಿಳಿಯಿತು.
2. ಆ ಹುದ್ದೆಗೆ ಬೇಕಾದ ವಿದ್ಯಾರ್ಹತೆ. ಎಲ್ಲ ಅಂಕಗಳ ಪಟ್ಟಿ ಇಲ್ಲಿ ಬೇಡ, ಅದು ಬಯೋಡೇಟಾದಲ್ಲಿ ಇರುತ್ತದೆ.
3. ಆ ಕೆಲಸಕ್ಕೆ ಉಪಯೋಗವಾಗುವಂಥದ್ದು ನೀವು ಈಗಾಗಲೇ ಏನು ಮಾಡಿದ್ದೀರಿ. ಪತ್ರದ ಜೀವ ಇರುವುದು ಇಲ್ಲೇ.
4. ಸಂದರ್ಶನಕ್ಕೆ ಬರಲು ಸಿದ್ಧ ಎಂಬ ಮಾತು, ಸಹಿ, ಫೋನ್ ಸಂಖ್ಯೆ.

ಆ ಹುಡುಗನ ಪತ್ರ ಕೊನೆಗೆ ಹೀಗಾಯಿತು:

*ಮಾನ್ಯರೇ,*

*ವಿಷಯ: ಲೆಕ್ಕ ಸಹಾಯಕರ ಹುದ್ದೆಗೆ ಅರ್ಜಿ.*

*ತಮ್ಮ ಅಂಗಡಿಯ ಮುಂದಿನ ಪ್ರಕಟಣೆ ನೋಡಿ ಈ ಅರ್ಜಿ ಸಲ್ಲಿಸುತ್ತಿದ್ದೇನೆ. ವಾಣಿಜ್ಯ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಎರಡು ವರ್ಷಗಳಿಂದ ನಮ್ಮ ಚಿಕ್ಕಪ್ಪನವರ ದಿನಸಿ ಅಂಗಡಿಯಲ್ಲಿ ಸಾಲದ ಲೆಕ್ಕ ಬರೆದು, ತಿಂಗಳ ಕೊನೆಗೆ ವಸೂಲಿಯೊಂದಿಗೆ ತಾಳೆ ನೋಡುತ್ತಿದ್ದೇನೆ. ಗ್ರಾಹಕರೊಡನೆ ಕನ್ನಡ, ಉರ್ದು, ತಮಿಳಿನಲ್ಲಿ ಮಾತನಾಡಬಲ್ಲೆ. ಟ್ಯಾಲಿ ಇನ್ನೂ ಬಾರದು, ಕಲಿಯಲು ಸಿದ್ಧನಿದ್ದೇನೆ. ತಾವು ತಿಳಿಸಿದ ದಿನ ಸಂದರ್ಶನಕ್ಕೆ ಹಾಜರಾಗುತ್ತೇನೆ.*

*ತಮ್ಮ ವಿಶ್ವಾಸಿ*

ಟ್ಯಾಲಿಯ ಸಾಲನ್ನು ತೆಗೆಯಲೇ ಎಂದು ಕೇಳಿದ. ಬೇಡ ಎಂದೆ. ಬಾರದ್ದನ್ನು ಬರುತ್ತದೆಂದು ಬರೆದರೆ ಮೊದಲ ದಿನವೇ ಬಯಲಾಗುತ್ತದೆ. ಮೇಲಾಗಿ, ಆ ಸಾಲು ಓದಿದವರು ಉಳಿದ ಸಾಲುಗಳನ್ನೂ ನಂಬುತ್ತಾರೆ.

ಕೆಲವು ಎಚ್ಚರಿಕೆಗಳು

* ಪತ್ರ ಒಂದು ಪುಟ ಮೀರಬಾರದು.
* ಒಂದೇ ಪತ್ರವನ್ನು ಹತ್ತು ಕಡೆ ಕಳಿಸಬೇಡಿ. ಯಳಂದೂರಿನ ಶಾಲೆಗೆ ಬರೆಯುವ ಪತ್ರ ಬೇರೆ, ಬದನಗುಪ್ಪೆ ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಬರೆಯುವ ಪತ್ರ ಬೇರೆ.
* ಮನೆಯ ಕಷ್ಟ ಹೇಳಿಕೊಂಡು ಕೆಲಸ ಕೇಳಬೇಡಿ. ಕಷ್ಟ ನಿಜವಿರಬಹುದು, ಆದರೆ ಕೆಲಸ ಕೊಡುವವರು ನೋಡುವುದು ನಿಮ್ಮ ಕೈಲಾಗುವುದನ್ನು.
* ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಪತ್ರದಲ್ಲಿ ಬೇಡ. ಕೆಲಸ ಕೊಡಲು ಮೊದಲೇ ಹಣ ಕೇಳುವವರಿಂದ ದೂರವಿರಿ.
* ಕಳಿಸುವ ಮುನ್ನ ಬೇರೊಬ್ಬರಿಂದ ಓದಿಸಿ.

ಈ ವಾರ ಒಂದು ಅಭ್ಯಾಸ. ನೀವು ಸಂಬಳವಿಲ್ಲದೆ ಮಾಡಿದ ಮೂರು ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾವ ಕೆಲಸ, ಎಷ್ಟು ಕಾಲ, ಅದರಿಂದ ಏನು ಕಲಿತಿರಿ ಎಂದು ಒಂದೊಂದು ಸಾಲು ಸಾಕು. ಹಾಳೆ ಹಿಡಿದು ಸ್ಟಾಫ್ ರೂಮಿಗೆ ಬನ್ನಿ. ಪತ್ರವನ್ನು ಒಟ್ಟಿಗೆ ಕೂತು ಬರೆಯೋಣ.