ಪಾನಮುಕ್ತರ ಸಭೆ: ಎಲ್ಲಿ ಅರಸಬೇಕು, ಹೇಗೆ ಸೇರಬೇಕು?

ಚಿತ್ತರಗಿ-ಇಳಕಲ್ಲ ಶ್ರೀಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ಸಂಚರಿಸಿ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ಸಂಗತಿ ಸದ್ಭಕ್ತರಿಗೆಲ್ಲ ತಿಳಿದದ್ದೇ. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ. ಆದರೆ ಜೋಳಿಗೆಗೆ ಕುಡಿತವನ್ನು ಹಾಕಿ ಮನೆಗೆ ಮರಳಿದವನ ಎದುರಿಗೆ ಮರುದಿನದ ಸಂಜೆ ಬಂದೇ ಬರುತ್ತದೆ. ಅದೇ ಓಣಿ, ಅದೇ ಗೆಳೆಯರು, ಅದೇ ಸಂತೆಯ ದಾರಿ. ಆ ಸಂಜೆಯನ್ನು ಅವನು ಯಾರೊಡನೆ ಕಳೆಯಬೇಕು? ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ತಾಲೂಕುಗಳ ಭಕ್ತರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ವಿಚಾರಿಸೋಣ.

ಮೊದಲು ಒಂದು ಎಚ್ಚರಿಕೆ. ಹಲವು ವರ್ಷ ದಿನವೂ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ರಾಹೀನತೆ ಕಾಣಿಸಿಕೊಳ್ಳುತ್ತವೆ. ಮೊದಲ ಎರಡು ದಿನಗಳಲ್ಲಿ ಮೂರ್ಛೆ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದು ಕಾಣುವ, ಕೇಳುವ ಭ್ರಮೆ ಹುಟ್ಟಬಹುದು. ಇದನ್ನು ಗಾಳಿ ಸೋಂಕೆಂದು ಬಗೆದು ತಾಯಿತ ಕಟ್ಟಿಸುತ್ತ ಕುಳಿತರೆ ಪ್ರಾಣಕ್ಕೇ ಅಪಾಯ. ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಪ್ರತಿಜ್ಞೆ ಮಾಡುವ ಮುನ್ನವೇ ವೈದ್ಯರನ್ನು ಕಾಣುವುದು ಇನ್ನೂ ಲೇಸು. ದೇಹ ತಿಳಿಯಾದ ಮೇಲೆ ಸಭೆಯ ಕೆಲಸ ಆರಂಭವಾಗುತ್ತದೆ.

ಇಂತಹ ಸಭೆಯ ಮೂಲವನ್ನು ಅರಿತರೆ ಅದರ ಸ್ವರೂಪವೂ ತಿಳಿಯುತ್ತದೆ. 1935ರ ಮೇ ತಿಂಗಳಲ್ಲಿ ಅಮೆರಿಕದ ಅಕ್ರಾನ್ ನಗರಕ್ಕೆ ವ್ಯವಹಾರಕ್ಕೆಂದು ಬಂದಿದ್ದ ಬಿಲ್ ಎಂಬಾತ ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದವು. ವ್ಯವಹಾರ ಕೆಟ್ಟಿತು, ಮನಸ್ಸು ಹೋಟೆಲಿನ ಮದ್ಯದತ್ತ ಹರಿಯಿತು. ಅವನು ಅಲ್ಲಿದ್ದ ಫೋನಿನಿಂದ ಊರಿನ ಪಾದ್ರಿಗಳಿಗೆ ಕರೆ ಮಾಡಿ, ಕುಡಿತದಿಂದ ನರಳುವ ಮತ್ತೊಬ್ಬನನ್ನು ತೋರಿಸಿರೆಂದು ಕೇಳಿಕೊಂಡನು. ಹಾಗೆ ದೊರೆತವರು ಬಾಬ್ ಎಂಬ ಶಸ್ತ್ರವೈದ್ಯರು. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಅದರಿಂದ ಬೆಳೆದದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ. ಇನ್ನೊಬ್ಬನನ್ನು ಉಳಿಸಲೆಂದಲ್ಲ, ತಾನು ಉಳಿಯಲೆಂದು ಬಿಲ್ ಅವನನ್ನು ಹುಡುಕಿದನೆಂಬುದು ನಮಗೆ ಬಹು ಅರ್ಥವತ್ತಾಗಿ ತೋರುತ್ತದೆ.

ಈ ಕೂಟಕ್ಕೆ ಸೇರಲು ಶುಲ್ಕವಿಲ್ಲ; ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಒಬ್ಬರು ತಮ್ಮ ಅನುಭವ ಹೇಳುವಾಗ ಉಳಿದವರು ಆಲಿಸುತ್ತಾರೆ. ಕೇಳಿದ್ದು ಹೊರಗೆ ಹೋಗಕೂಡದು. ಮೊದಲ ದಿನ ಸುಮ್ಮನೆ ಕುಳಿತು ಬಂದರೂ ಆದೀತು. ಸಭೆಯು ಚರ್ಚಿನ ಕೋಣೆಯಲ್ಲಿ ನಡೆಯುತ್ತಿದ್ದರೆ ಭಕ್ತರು ಹಿಂಜರಿಯಬೇಕಾಗಿಲ್ಲ. ಅದು ದೊರೆತ ಸ್ಥಳ, ಅಷ್ಟೇ. ಅಲ್ಲಿ ಹೇಳುವ ಪರಮಶಕ್ತಿಯನ್ನು ಅವರವರು ಅರಿತಂತೆ ಭಾವಿಸಬಹುದು.

ನಮ್ಮ ತಾಲೂಕುಗಳಲ್ಲಿ ವಿಚಾರಿಸಲು ತೀರ ಹತ್ತಿರದ ದಾರಿ ಮನೆಯ ಹೆಣ್ಣುಮಕ್ಕಳದು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘದಲ್ಲಿ ಅವರಿದ್ದರೆ ಸೇವಾಪ್ರತಿನಿಧಿಯನ್ನು ಕೇಳಲಿ. ಜನಜಾಗೃತಿ ವೇದಿಕೆಯ ಮೂಲಕ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ; ಶಿಬಿರ ಮುಗಿಸಿದವರು ನವಜೀವನ ಸಮಿತಿಯಾಗಿ ಕೂಡುತ್ತಾರೆ. ಶಿಬಿರ ಎಂದು, ಎಲ್ಲಿ ಎಂಬುದರ ಜೊತೆಗೆ ಸಮಿತಿ ಎಲ್ಲಿ ಕೂಡುತ್ತದೆಂಬುದನ್ನೂ ತಪ್ಪದೆ ಕೇಳಬೇಕು. ಎರಡನೆಯ ಪ್ರಶ್ನೆಯನ್ನು ಬಹುತೇಕರು ಮರೆಯುತ್ತಾರೆ.

ತಾಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆಯಿದೆ. ಯಾವ ಮಂಗಳವಾರವೆಂದು ಚೀಟಿ ಕೊಡುವಲ್ಲಿ ಮೊದಲೇ ಕೇಳಿಕೊಳ್ಳಬೇಕು. ಹಾವೇರಿಯ ಜಿಲ್ಲಾಸ್ಪತ್ರೆ, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿ ಚಿಕಿತ್ಸೆ ಪಡೆಯುವವರು ಮರಳುವ ಮುನ್ನ ಸಭೆಗಳ ವಿಷಯವನ್ನು ಆಪ್ತಸಮಾಲೋಚಕರಲ್ಲಿ ವಿಚಾರಿಸಲಿ. ಮನೆಯಿಂದ ಹೊರಡಲಾಗದವರು ಟೆಲಿ-ಮಾನಸ್ 14416 ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮೊಬೈಲಿನಲ್ಲಿ ನಡೆಯುವ ಸಭೆಗಳೂ ಉಂಟು.

ಊರಲ್ಲಿ ಯಾರಾದರೂ ಕಂಡಾರೆಂಬ ಸಂಕೋಚ ಸಹಜ. ಶಿಗ್ಗಾಂವ-ಸವಣೂರಿನವರಿಗೆ ಹುಬ್ಬಳ್ಳಿ, ಹಿರೇಕೆರೂರಿನವರಿಗೆ ರಾಣೇಬೆನ್ನೂರು, ಹಾನಗಲ್ಲಿನವರಿಗೆ ಹಾವೇರಿ ಅನುಕೂಲವೆನಿಸಬಹುದು. ಅಲ್ಲಿ ಸಭೆಯುಂಟೇ ಎಂದು ವಿಚಾರಿಸಿಯೇ ಹೊರಡಬೇಕು. ಆದರೂ ವಾರವಾರ ಹೋಗಲಾಗದ ದೂರದ ಸಭೆಗಿಂತ ನಾಲ್ಕು ಜನರಷ್ಟೇ ಕೂಡುವ ಹತ್ತಿರದ ಸಭೆ ಮೇಲೆಂದು ನಮ್ಮ ಅಭಿಪ್ರಾಯ.

ಮನೆಯವರಿಗೂ ಒಂದು ಮಾತು. ಕುಡಿಯುವವನಿಗೆ ಗೊತ್ತಾಗದಂತೆ ಊಟದಲ್ಲಿ ಪುಡಿ, ಗುಳಿಗೆ ಬೆರೆಸಿ ಕೊಡಬೇಡಿ. ಕುಡಿತ ಬಿಡಿಸಲು ವೈದ್ಯರು ಕೊಡುವ ಕೆಲವು ಔಷಧಗಳು ಹೊಟ್ಟೆಯಲ್ಲಿದ್ದಾಗ ಮದ್ಯ ಸೇರಿದರೆ ರಕ್ತದೊತ್ತಡ ಕುಸಿದು ಜೀವಕ್ಕೆ ಎರವಾಗಬಹುದು. ಅವನು ಬರಲೊಪ್ಪದಿದ್ದರೆ ಹೆಂಡತಿಯಾಗಲಿ ತಾಯಿಯಾಗಲಿ ತಾವೇ ಮೊದಲು ಸಲಹೆ ಪಡೆಯಬಹುದು. ಅವರಿಗಾಗಿಯೇ ಅಲ್-ಅನಾನ್ ಎಂಬ ಕೂಟವಿದೆ.

ಹುಡುಕಿದರೂ ಹತ್ತಿರದಲ್ಲಿ ಸಭೆ ಸಿಗದಿದ್ದರೆ? ಕುಡಿತ ಬಿಟ್ಟ ಇಬ್ಬರು ಮೂವರು ಅದಕ್ಕೆಂದೇ ಕೂಡಿದರೆ ಅದೇ ಒಂದು ಸಭೆಯೆಂದು ಈ ಕೂಟದ ಸಂಪ್ರದಾಯ ಹೇಳುತ್ತದೆ. ಬೇಕಾದದ್ದು ಶಾಲೆಯ ಒಂದು ಕೋಣೆ ಅಥವಾ ಗುಡಿಯ ಪಡಸಾಲೆ, ಬದಲಾಗದ ವಾರ, ಬದಲಾಗದ ಸಮಯ. ಸಂತೆಯ ದಿನದ ಸಂಜೆಯೇ ಆದರೆ ಇನ್ನೂ ಒಳಿತು. ಕೈಯಲ್ಲಿ ದುಡ್ಡಿದ್ದು ಕಾಲು ಅಂಗಡಿಯತ್ತ ಎಳೆಯುವುದು ಅಂದೇ.