ನಗರದ ತಿನಿಸು, ತರಗತಿಯ ಪಾಠ: ಸೊಲ್ಲಾಪುರದಲ್ಲಿ ಒಂದು ದಿನ

'ನಿಮ್ಮ ಪ್ರವಾಸವನ್ನು ಕುರಿತು ಬರೆಯಿರಿ' ಎಂದಾಗ ಆರನೆಯ ಅಥವಾ ಏಳನೆಯ ತರಗತಿಯ ಮಕ್ಕಳು ಬರೆಯುವ ಪ್ರಬಂಧವನ್ನು ನಾವೆಲ್ಲರೂ ಬಲ್ಲೆವು. ಬೆಳಿಗ್ಗೆ ಎದ್ದೆವು, ಬಸ್ಸು ಏರಿದೆವು, ಕೋಟೆ ನೋಡಿದೆವು, ಗುಡಿ ನೋಡಿದೆವು, ಊಟ ಮಾಡಿದೆವು, ಮನೆಗೆ ಬಂದೆವು. ಆದರೆ ಮರಳುವ ದಾರಿಯಲ್ಲಿ ಬಸ್ಸಿನೊಳಗೆ ಅದೇ ಮಕ್ಕಳು ಆಡುವ ಮಾತು ಕೋಟೆಯನ್ನು ಕುರಿತದ್ದಲ್ಲ. ಯಾವ ಗಾಡಿಯ ಮುಂದೆ ಏನು ತಿಂದೆವು, ಯಾರ ನಾಲಿಗೆ ಉರಿಯಿತು, ಯಾರ ಜೇಬಿನ ದುಡ್ಡು ಮೊದಲು ಮುಗಿಯಿತು ಎಂಬುದೇ ಆ ಮಾತು. ಇಷ್ಟು ಸಮೃದ್ಧವಾದ ಮಾತು ಬರಹಕ್ಕೆ ಬರುವ ಹೊತ್ತಿಗೆ 'ಊಟ ಮಾಡಿದೆವು' ಎಂಬಷ್ಟಕ್ಕೆ ಕುಗ್ಗುವುದೇಕೆ? ಈ ಪಾಠ ಆ ಪ್ರಶ್ನೆಯಿಂದ ಹುಟ್ಟಿದ್ದು.

ಕಾರಣದ ಒಂದು ಪಾಲು ನಮ್ಮಲ್ಲಿಯೇ ಇದೆ ಎಂಬುದನ್ನು ನಾನು ಅನುಭವದಿಂದ ಹೇಳಬಲ್ಲೆ. ವೃತ್ತಿಗೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗಿಯ ಪ್ರಬಂಧದಲ್ಲಿ 'ಅವ್ವ ರೊಟ್ಟಿ ಹಿಂಡಿ ಕಟ್ಟಿಕೊಟ್ಟಳು' ಎಂದಿತ್ತು. ನಾನು 'ಹಿಂಡಿ'ಯನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ 'ಚಟ್ನಿಪುಡಿ' ಎಂದು ತಿದ್ದಿದೆ; ಸಾಲದೆಂಬಂತೆ, ಹಿಂಡಿ ತಿನ್ನುವುದು ದನಗಳು ಎಂದು ತರಗತಿಯಲ್ಲಿ ನಗೆಯಾಡಿದೆ. ನಾನು ಕಲಿತ ಕಡೆ ಎಣ್ಣೆ ತೆಗೆದುಳಿದ ಗಸಿಗೆ ಮಾತ್ರ ಹಿಂಡಿ ಎನ್ನುತ್ತಿದ್ದರು. ಶೇಂಗಾ, ಗುರೆಳ್ಳು, ಅಗಸೆಗಳನ್ನು ಹುರಿದು ಕುಟ್ಟಿದ ಚಟ್ನಿಗೂ ಉತ್ತರ ಕರ್ನಾಟಕದಲ್ಲಿಯೂ ಸೊಲ್ಲಾಪುರದ ಸೀಮೆಯಲ್ಲಿಯೂ ಅದೇ ಹೆಸರು ಎಂಬುದು ನನಗೆ ಆಗ ತಿಳಿದಿರಲಿಲ್ಲ. ಆ ಹುಡುಗಿ ಮರುದಿನದಿಂದ ಬುತ್ತಿಯನ್ನು ಗೆಳತಿಯರ ನಡುವೆ ಬಿಚ್ಚಲಿಲ್ಲ. ತಪ್ಪು ನನ್ನದೆಂದು ಅರಿವಾಗುವ ಹೊತ್ತಿಗೆ ಶಾಲೆಯ ವರ್ಷ ಮುಗಿದಿತ್ತು.

ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಇಂಥ ತಿದ್ದುಪಡಿಗೆ ಬೆಲೆ ಹೆಚ್ಚು. ಪೇಟೆಯ ಭಾಷೆ, ಕಚೇರಿಯ ಭಾಷೆ ಬೇರೆಯಾಗಿರುವಲ್ಲಿ ಕನ್ನಡ ಗಟ್ಟಿಯಾಗಿ ಉಳಿದಿರುವ ಜಾಗಗಳಲ್ಲಿ ಅಡುಗೆಮನೆ ಮುಖ್ಯವಾದದ್ದು. ಅಲ್ಲಿಯ ಮಾತನ್ನೇ ಶಾಲೆ ತಪ್ಪೆಂದರೆ ಮಗುವಿಗೆ ಕನ್ನಡವೆಂಬುದು ಪುಸ್ತಕದೊಳಗಿನ ಪರಸ್ಥಳವಾಗುತ್ತದೆ.

ಹೊರಡುವ ಮುನ್ನ

ಇಲ್ಲಿ ಸೊಲ್ಲಾಪುರವನ್ನು ಮಾದರಿಯಾಗಿ ಆರಿಸಿಕೊಂಡಿದ್ದೇನೆ. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರದ ಶಾಲೆಗಳಿಗೆ ಒಂದೇ ದಿನದಲ್ಲಿ ಹೋಗಿಬರಬಹುದಾದ ನಗರ ಇದು. ವಚನಕಾರ ಸಿದ್ಧರಾಮನ ಸೊನ್ನಲಿಗೆ ಇದೇ ಆದ್ದರಿಂದ ಪಠ್ಯದೊಡನೆ ನೇರವಾದ ನಂಟೂ ಇದೆ. ಕೆರೆಯ ನಡುವಿನ ಸಿದ್ಧೇಶ್ವರ ಗುಡಿ, ಪಕ್ಕದ ಭುಯಿಕೋಟ್ ಕೋಟೆ ಇವುಗಳ ವಿವರ ಎಲ್ಲ ಕೈಪಿಡಿಗಳಲ್ಲಿ ದೊರೆಯುವುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಪ್ರವಾಸಕ್ಕೆ ಡಿಸೆಂಬರ್ ಕೊನೆಯಿಂದ ಜನವರಿಯವರೆಗಿನ ಕಾಲ ಉತ್ತಮ. ಹಿಂಗಾರಿ ಜೋಳ ಆಗ ಹಾಲುಗಾಳಾಗಿ ನಿಂತಿರುತ್ತದೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ನಂದಿಧ್ವಜಗಳು ಊರ ಸುತ್ತಲಿನ 68 ಲಿಂಗಗಳಿಗೆ ಮೆರವಣಿಗೆ ಹೋಗುತ್ತವೆ, ಹೋಂ ಮೈದಾನದಲ್ಲಿ ಅಂಗಡಿಗಳು ಸಾಲುಗಟ್ಟುತ್ತವೆ. ಆದರೆ ಜಾತ್ರೆಯ ಮುಖ್ಯ ದಿನಗಳಂದು ಮಕ್ಕಳನ್ನು ಕರೆದೊಯ್ಯದಿರುವುದು ಲೇಸು. ನೂಕುನುಗ್ಗಲಿನಲ್ಲಿ ತಲೆ ಎಣಿಸುವುದೇ ಶಿಕ್ಷಕರ ಕೆಲಸವಾಗಿಬಿಡುತ್ತದೆ.

ಒಂದು ವಾರ ಮೊದಲೇ 'ಪದದ ಬುತ್ತಿ' ಕಟ್ಟಲು ಹೇಳಿರಿ. 'ನಿನ್ನ ಮನೆಯಲ್ಲಿ ನಿನ್ನೆ ಏನು ಉಂಡಿರಿ?' ಎಂದು ಮಾತ್ರ ಕೇಳಬೇಡಿ. ಅದಕ್ಕೆ ಉತ್ತರ ಕೊಡಲಾಗದ ಮಗು ಪ್ರತಿ ತರಗತಿಯಲ್ಲಿಯೂ ಇರುತ್ತದೆ. ಮಾಂಸದಡುಗೆಯ ಹೆಸರು ಹೇಳಲು ಅಕ್ಕಪಕ್ಕ ನೋಡುವ ಮಗುವೂ ಇರುತ್ತದೆ. 'ಜೋಳದಿಂದ ಏನೇನು ಆಗುತ್ತದೆ? ಶೇಂಗಾದಿಂದ ಏನೇನು ಆಗುತ್ತದೆ? ಮನೆಯ ಹಿರಿಯರನ್ನು ಕೇಳಿ ಬಾ' ಎನ್ನಿರಿ. ರೊಟ್ಟಿ, ನುಚ್ಚು, ಅಂಬಲಿ, ಅರಳು ಎಲ್ಲವೂ ಬರುತ್ತವೆ, ಯಾರ ಮನೆಯ ಗುಟ್ಟೂ ಬಯಲಾಗುವುದಿಲ್ಲ.

ಪದಗಳು ಬಂದ ಮೇಲೆ ಕ್ರಿಯಾಪದಗಳನ್ನು ಕೂಡಿಸಬೇಕು. ನಮ್ಮ ಮಕ್ಕಳು 'ರೊಟ್ಟಿ ಬಡಿಯುತ್ತಾರೆ' ಎನ್ನುತ್ತಾರೆ, ದಕ್ಷಿಣದವರು 'ತಟ್ಟುತ್ತಾರೆ', ಮರಾಠಿಯಲ್ಲಿ ಭಾಕರಿಯನ್ನು 'ಥಾಪಣೆ'. ಚಪಾತಿಯನ್ನಾದರೋ ಯಾರೂ ಬಡಿಯುವುದಿಲ್ಲ, ಲಟ್ಟಿಸುತ್ತಾರೆ. 'ರೊಟ್ಟಿ ಮಾಡಿದರು, ಚಪಾತಿ ಮಾಡಿದರು, ಚಟ್ನಿ ಮಾಡಿದರು' ಎಂದು ಬರೆಯುವ ಮಗುವಿಗೆ ಬಡಿ, ಲಟ್ಟಿಸು, ಕುಟ್ಟು ಎಂಬ ಮೂರು ಕ್ರಿಯಾಪದಗಳನ್ನು ಅದರ ಮನೆಯಿಂದಲೇ ತಂದುಕೊಟ್ಟರೆ ಪ್ರಬಂಧ ಅರ್ಧ ಸುಧಾರಿಸಿದಂತೆ.

ನಗರದಲ್ಲಿ

ಮೊದಲ ನಿಲುಗಡೆ ನವೀಪೇಟೆಯಂಥ ಮಾರುಕಟ್ಟೆಯ ಒಂದು ಚಟ್ನಿ ಅಂಗಡಿಯಾಗಿರಲಿ. ಸೊಲ್ಲಾಪುರದ ಶೇಂಗಾ ಚಟ್ನಿ ಮಹಾರಾಷ್ಟ್ರದ ಆದ್ಯಂತ ಹೆಸರಾದದ್ದು. ಹುರಿದ ಶೇಂಗಾ, ಒಣಮೆಣಸಿನಕಾಯಿಯ ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಇಷ್ಟೇ ಅದರ ಸಾಮಗ್ರಿ. ಗುಟ್ಟಿರುವುದು ಕುಟ್ಟುವುದರಲ್ಲಿ. ಮಿಕ್ಸರಿನ ಅಲಗು ಕಾಳನ್ನು ಕತ್ತರಿಸಿ ಪುಡಿ ಮಾಡುತ್ತದೆ. ಒರಳಿನ ಪೆಟ್ಟು ಕಾಳನ್ನು ಜಜ್ಜಿ ಅದರ ಎಣ್ಣೆಯನ್ನು ಹೊರಗೆ ತರುತ್ತದೆ. ಆದುದರಿಂದಲೇ ಕುಟ್ಟಿದ ಹಿಂಡಿ ಉದುರಾಗಿರದೆ ಮುದ್ದೆಗಟ್ಟುತ್ತದೆ. ಎರಡನ್ನೂ ಒಂದೊಂದು ಚಿಟಿಕೆ ಕೊಂಡು ಮಕ್ಕಳ ಅಂಗೈಯಲ್ಲಿಟ್ಟು ಒತ್ತಲು ಹೇಳಿರಿ. ವಿಜ್ಞಾನದ ಶಿಕ್ಷಕರು ಜೊತೆಗಿದ್ದರೆ ಮುಂದಿನ ಮಾತು ಅವರದು. ಶೇಂಗಾ ಒಗ್ಗದ ಮಕ್ಕಳಿದ್ದಾರೆಯೇ ಎಂದು ಪಾಲಕರನ್ನು ಮೊದಲೇ ವಿಚಾರಿಸಿಕೊಂಡಿರಬೇಕು.

ಬೆಲೆಯನ್ನು ಮಕ್ಕಳೇ ಕೇಳಲಿ, ಕನ್ನಡದಲ್ಲಿಯೇ ಕೇಳಲಿ. ಸೊಲ್ಲಾಪುರದ ಪೇಟೆಯಲ್ಲಿ ಮರಾಠಿ, ಕನ್ನಡ, ತೆಲುಗು, ದಖನಿ ಎಲ್ಲವೂ ಓಡಾಡುತ್ತವೆ. ನೇಕಾರಿಕೆಗೆಂದು ತಲೆಮಾರುಗಳ ಹಿಂದೆ ಬಂದು ನೆಲೆಸಿದ ಪದ್ಮಶಾಲಿಗಳ ತೆಲುಗು ಇಲ್ಲಿಯ ಕಿವಿಗೆ ಹೊಸದಲ್ಲ. 'ಹಿಂಡಿ ಹ್ಯಾಂಗ್ರಿ ಅವ್ವಾರ? ಪಾವ್ ಕಿಲೋ ಕೊಡ್ರಿ' ಎಂದು ಮಗು ಕೇಳಿದರೆ ಅದನ್ನು 'ದಯವಿಟ್ಟು ಕೊಡಿ' ಎಂದು ತಿದ್ದಬೇಕಾಗಿಲ್ಲ. 'ಕೊಡ್ರಿ'ಯ 'ರಿ'ಯಲ್ಲಿ, 'ಅವ್ವಾರ' ಎಂಬ ಕರೆಯಲ್ಲಿ ವಿನಯ ತುಂಬಿಯೇ ಇದೆ. ಬರವಣಿಗೆಯಲ್ಲಿ ಅದು 'ಕೊಡಿರಿ' ಎಂದಾಗುತ್ತದೆ ಎಂಬುದನ್ನು ಮರಳಿದ ಮೇಲೆ ಕಲಿಸೋಣ. ಉತ್ತರ ಮರಾಠಿಯಲ್ಲಿ ಬಂದರೆ ಮಗು ಮರಾಠಿಗೆ ತಿರುಗಲಿ. ಎರಡು ಭಾಷೆಗಳ ನಡುವೆ ಸಲೀಸಾಗಿ ದಾಟುವುದು ನಮ್ಮ ಮಕ್ಕಳ ಸಾಮರ್ಥ್ಯ, ಅದನ್ನು ದೋಷದ ಪಟ್ಟಿಗೆ ಸೇರಿಸಬಾರದು.

ಖಡಕ್ ರೊಟ್ಟಿಯೂ ಇಲ್ಲಿ ಕಟ್ಟುಗಟ್ಟಲೆ ದೊರೆಯುತ್ತದೆ. ಎಳ್ಳು ಹಚ್ಚಿ ಬಡಿದು, ಬೇಯಿಸಿ, ನೀರಿನ ಪಸೆ ಆರುವವರೆಗೆ ಒಣಗಿಸಿದ ಈ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ನಗರದ ಅನೇಕ ಮಹಿಳೆಯರಿಗೆ ಇದು ಜೀವನೋಪಾಯ. ಇದರ ಹಿಂದಿರುವ ಜೋಳವನ್ನು ಕುರಿತು ಎರಡು ಮಾತು: ಈ ಜಿಲ್ಲೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮುನ್ನ ಕರಣಿಕರಾಗಿದ್ದ ಮಂಗಳವಾಡ ಇದೇ ಊರು. ಒಂದು ರೊಟ್ಟಿಯನ್ನು ಕೈಯಲ್ಲಿ ಹಿಡಿದು ಇಷ್ಟನ್ನು ಹೇಳಿದರೆ ಮಕ್ಕಳು ಮರೆಯುವುದಿಲ್ಲ.

ಸಿಹಿಗೆ ಶೇಂಗಾ ಹೋಳಿಗೆ. ನನ್ನ ಮಟ್ಟಿಗೆ ಇಡೀ ದಿನದ ಅತ್ಯುತ್ತಮ ವ್ಯಾಕರಣ ಪಾಠ ಇಲ್ಲಿಯೇ ಇದೆ. ಅಂಗಡಿಯ ಫಲಕದಲ್ಲಿ ದೇವನಾಗರಿಯಲ್ಲಿ 'ಪೋಳಿ' ಎಂದಿರುತ್ತದೆ. ನಾವು 'ಹೋಳಿಗೆ' ಎನ್ನುತ್ತೇವೆ. ಅವರ 'ಪುರಣ' ನಮ್ಮ 'ಹೂರಣ'. ಪಕಾರ ಇರುವಲ್ಲಿ ನಮ್ಮದು ಹಕಾರ. ಇದನ್ನು ಮಕ್ಕಳೇ ಕಂಡುಹಿಡಿಯುವಂತೆ ಎರಡು ಪದಗಳನ್ನು ಎದುರುಬದುರಾಗಿ ಬರೆಯಿಸಿ, ಬಳಿಕ ಹಳಗನ್ನಡದ ಪಾಲ್, ಪೂ, ಪಣ್ ಎಂಬವು ಹಾಲು, ಹೂವು, ಹಣ್ಣು ಆದುದನ್ನು ನೆನಪಿಸಿರಿ. ಪಕಾರವು ಹಕಾರವಾಗುವ ಈ ನಿಯಮವನ್ನು ಗಡಿಯ ಮಕ್ಕಳಿಗೆ ಕಲಿಸುವುದು ಬೆಂಗಳೂರಿನ ಮಕ್ಕಳಿಗೆ ಕಲಿಸುವುದಕ್ಕಿಂತ ಸುಲಭ. ಕಾಸರಗೋಡಿನ ಮಗು 'ಪಾಲ್' ಎಂಬುದನ್ನು ಮಲಯಾಳದಲ್ಲಿ ನಿತ್ಯ ಕೇಳುತ್ತದೆ, ಹೊಸೂರು ತಾಳವಾಡಿಯ ಮಗು ತಮಿಳಿನಲ್ಲಿ, ಆದವಾನಿ ಮಡಕಶಿರದ ಮಗು ತೆಲುಗಿನ 'ಪಾಲು'ವಿನಲ್ಲಿ. ಒಂದು ಎಚ್ಚರಿಕೆ ಬೇಕು. ಸದ್ದು ಹೋಲಿದ ಮಾತ್ರಕ್ಕೆ ಎಲ್ಲ ಪದಗಳೂ ಒಂದೇ ಮೂಲದವು ಎಂದು ಹೇಳಿಕೊಡಬಾರದು.

ಊಟದ ಸ್ಥಳಕ್ಕೆ ಮಕ್ಕಳ ಬುತ್ತಿಯೇ ಇರಲಿ, ಕೋಟೆಯ ಬಳಿ ಎಲ್ಲರೂ ಕುಳಿತು ಉಣ್ಣಲಿ. ಸಂಜೆಯ ತಿಂಡಿಗೆ ಪಾರ್ಕ್ ಮೈದಾನದ ಚೌಪಾಟಿ ಇದೆ; ಬಿಸಿಯಾಗಿ ಕರಿದದ್ದನ್ನು ಮಾತ್ರ ಕೊಡಿಸುವುದು ಕ್ಷೇಮ. ದುಡ್ಡನ್ನು ಎಲ್ಲರಿಂದಲೂ ಸಮನಾಗಿ ಮೊದಲೇ ಸಂಗ್ರಹಿಸಿ ಶಿಕ್ಷಕರೇ ಇಟ್ಟುಕೊಳ್ಳುವುದರಿಂದ ಒಬ್ಬರು ತಿನ್ನುವಾಗ ಇನ್ನೊಬ್ಬರು ನೋಡುತ್ತ ನಿಲ್ಲುವುದು ತಪ್ಪುತ್ತದೆ.

ಮರಳುವ ದಾರಿಯಲ್ಲಿ ಹೊಲವೊಂದರ ಬಳಿ ಇಳಿಯಲು ಸಾಧ್ಯವಾದರೆ ಸೀತನಿ. ಕುಳ್ಳಿನ ಕೆಂಡದಲ್ಲಿ ಎಳೆ ತೆನೆಯನ್ನು ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟನ್ನು ಊದಿ, ಹಸಿರು ಕಾಳನ್ನು ಹಿಂಡಿ, ಬೆಲ್ಲ, ಮೊಸರಿನೊಡನೆ ಬಾಯಿಗೆ ಹಾಕಿಕೊಳ್ಳುವುದು. ಮರಾಠಿಯಲ್ಲಿ ಇದಕ್ಕೆ ಹುರಡಾ ಎನ್ನುತ್ತಾರೆ. ನಗರದವರು ಇಂದು ಹಣ ಕೊಟ್ಟು 'ಹುರಡಾ ಪಾರ್ಟಿ'ಗೆ ಹೊಲಗಳಿಗೆ ಬರುತ್ತಾರೆ. 'ಸೀತನಿ' ಎಂದರೆ ಸೀಯಾದ ತೆನೆ, ಸಿಹಿತೆನೆ. ಇಷ್ಟು ಚೆಲುವಾದ ಸಮಾಸಪದ ನಮ್ಮ ಮಕ್ಕಳ ಬಾಯಲ್ಲಿರುವಾಗ ಉದಾಹರಣೆಯನ್ನು ಬೇರೆಲ್ಲಿಯೋ ಹುಡುಕುವುದೇಕೆ?

ಬರವಣಿಗೆ

ಮರುದಿನದ ಅಭ್ಯಾಸ: 'ನಮ್ಮ ನಗರಕ್ಕೆ ಬರುವ ಅತಿಥಿಗೆ, ಎಲ್ಲಿ ಏನು ತಿನ್ನಬೇಕು?' ಎಂಬ ಮಾರ್ಗದರ್ಶಿ ಬರಹ. ಓದುವವರು ಯಾರೆಂದು ನಿಶ್ಚಯಿಸಿಕೊಡಿ. ಸೊಲ್ಲಾಪುರವನ್ನು ಕಂಡಿರದ, ಕನ್ನಡ ಬಲ್ಲ ಅದೇ ವಯಸ್ಸಿನ ಮಗುವಾದರೆ ಒಳ್ಳೆಯದು. ಮೊದಲ ಕರಡಿನಲ್ಲಿ ಹೀಗೆ ಬರುತ್ತದೆ:

'ಸೊಲ್ಲಾಪುರದಲ್ಲಿ ಶೇಂಗಾ ಚಟ್ನಿ ತುಂಬಾ ರುಚಿಯಾಗಿರುತ್ತದೆ. ಎಲ್ಲರೂ ತಿನ್ನಬೇಕು.'

'ತುಂಬಾ', 'ರುಚಿ' ಎಂಬ ಎರಡು ಪದಗಳನ್ನು ಒಂದು ದಿನದ ಮಟ್ಟಿಗೆ ನಿಷೇಧಿಸಿರಿ. ಬದಲಿಗೆ ಕೇಳಿರಿ: ಬಾಯಿಗಿಟ್ಟೊಡನೆ ಮೊದಲು ತಿಳಿದದ್ದು ಉಪ್ಪೋ ಖಾರವೋ? ಕೈಗೆ ಏನು ಅಂಟಿತು? ಯಾವುದರ ಜೊತೆಗೆ ತಿಂದೆ? ಖಾರ, ಘಾಟು, ಒಗರು, ಸಪ್ಪೆ, ಕಮ್ಮಗೆ, ಗರಿಗರಿ ಎಂಬ ಪದಗಳು ಹಲಗೆಯ ಮೇಲಿರಲಿ. ಎರಡನೆಯ ಕರಡು ಸುಮಾರು ಹೀಗೆ ಬರಬಹುದು:

'ಹಿಂಡಿಯನ್ನು ಕೊಳ್ಳುವ ಮುಂಚೆ ಚಿಟಿಕೆಯಷ್ಟು ಕೇಳಿ ಇಸಿದುಕೊಳ್ಳಿರಿ. ಬೆರಳಿಗೆ ಎಣ್ಣೆ ಅಂಟಿದರೆ ಅದು ಕುಟ್ಟಿದ್ದು. ಮೊದಲು ಶೇಂಗಾ ಕಮ್ಮಗೆ ಅನಿಸುತ್ತದೆ, ಆಮೇಲೆ ಬೆಳ್ಳುಳ್ಳಿ, ಕೊನೆಗೆ ಖಾರ. ಬರೀ ಹಿಂಡಿ ತಿನ್ನಬೇಡಿರಿ, ರೊಟ್ಟಿಗೆ ಮೊಸರು ಹಚ್ಚಿಕೊಂಡು ತಿನ್ನಿರಿ.'

ಇದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ, ಆದರೂ ಓದಿದವರಿಗೆ ಕೊಳ್ಳಬೇಕೆನಿಸುತ್ತದೆ. 'ಹಿಂಡಿ'ಯಂಥ ಮನೆಮಾತನ್ನು ಬರಹದಲ್ಲಿ ಉಳಿಸಿಕೊಂಡು, ಪುಟದ ಕೆಳಗೆ 'ಶೇಂಗಾ ಹುರಿದು ಕುಟ್ಟಿದ ಚಟ್ನಿ. ಕೆಲವೆಡೆ ದನಗಳಿಗೆ ಹಾಕುವ ಎಣ್ಣೆ ತೆಗೆದ ಗಸಿಗೂ ಇದೇ ಹೆಸರು' ಎಂದು ಮಗುವಿನಿಂದಲೇ ಅರ್ಥ ಬರೆಯಿಸಿರಿ. ಕಾಗುಣಿತವನ್ನೂ ವಿಭಕ್ತಿಯನ್ನೂ ತಿದ್ದಿರಿ, ಪದವನ್ನು ಬಿಟ್ಟುಬಿಡಿ. ಮೌಲ್ಯಮಾಪನದಲ್ಲಿ ಅರ್ಧದಷ್ಟು ಅಂಕ ನಿಖರತೆಗೆ, ಅಂದರೆ ಸ್ಥಳ, ಬೆಲೆ, ಹೊತ್ತು, ಮಾಡುವ ಬಗೆ ಇವುಗಳಿಗೆ ಮೀಸಲಿರಲಿ.

ಬೇರೆ ಸೀಮೆಗಳ ಶಿಕ್ಷಕರು ನಗರವನ್ನು ಬದಲಿಸಿಕೊಳ್ಳಬಹುದು. ಕಾಸರಗೋಡಿನವರಿಗೆ ಮಂಗಳೂರು ಹತ್ತಿರ. ಗೋಳಿಬಜೆ, ಪತ್ರೊಡೆಗಳ ಜೊತೆಗೆ ತುಳುವಿನ ಪದಗಳೂ ಬರುವುದರಿಂದ ಬುತ್ತಿ ಇನ್ನೂ ದೊಡ್ಡದಾಗುತ್ತದೆ. ರಾಯದುರ್ಗದವರು ಬಳ್ಳಾರಿಗೆ ಹೋಗಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯಿಂದ ಆರಂಭಿಸಬಹುದು; ನಮ್ಮ ಮಕ್ಕಳ 'ಶೇಂಗಾ' ದಕ್ಷಿಣದ ಸೀಮೆಗಳಲ್ಲಿ 'ಕಡ್ಲೆಕಾಯಿ' ಆಗುತ್ತದೆ. ನಗರಕ್ಕೆ ಹೋಗುವ ಅನುಕೂಲವಿಲ್ಲದ ಶಾಲೆಗಳಿಗೆ ಊರಿನ ಸಂತೆ ಸಾಕು. ಸಂತೆಯ ದಿನ ಮಧ್ಯಾಹ್ನದ ಎರಡು ಅವಧಿಗಳನ್ನು ಇದಕ್ಕೆ ಬಿಟ್ಟುಕೊಡುವಂತೆ ಮುಖ್ಯೋಪಾಧ್ಯಾಯರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿರಿ.